ನೀಲಿ ಪರದೆಯ ತಕರಾರು

ಮತ್ತೆ ಅದೇ ನೀಲಿ. ವಿಘ್ನೇಶ್ವರ ಹೆಗಡೆ ಸ್ವಿಚ್ ಒತ್ತಿ, ಕುರ್ಚಿ ಎಳೆದುಕೊಂಡು, ಕನ್ನಡಕ ಏರಿಸುವಷ್ಟರಲ್ಲಿ ಪರದೆಯ ತುಂಬ ನೀಲಿ ಹರಡಿತು. ಬಿಳಿ ಅಕ್ಷರದ ಇಂಗ್ಲಿಷ್ ವಾಕ್ಯಗಳು ಬಂದು ಎದುರಿಗೆ ನಿಂತವು. ಹಿಂದಿನ ಸಲ ನನ್ನನ್ನು ಸರಿಯಾಗಿ ಮುಚ್ಚಿಲ್ಲ. ನನ್ನ ಡಿಸ್ಕಿನಲ್ಲಿ ದೋಷ ಇರಬಹುದು. ಈಗ ತಪಾಸಣೆ ಮಾಡುತ್ತೇನೆ. ಈ ಮಾತು ಮತ್ತೆ ಕೇಳಬಾರದೆಂದಿದ್ದರೆ ಯಾವಾಗಲೂ ಕ್ರಮಪ್ರಕಾರ ಮುಚ್ಚಬೇಕು. 'ಮುಚ್ಚಿದ್ನಲ್ಲ ಮಾರಾಯಾ!' ಎಂದು ಅವನು ಗಟ್ಟಿಯಾಗಿಯೇ ಹೇಳಿದ. ನಿನ್ನೆ ಊಟಕ್ಕೆ ಏಳುವ ಮೊದಲು ಮೂಲೆಯ ಗುಂಡಿ ಒತ್ತಿದ್ದು, ಮುಚ್ಚು ಎಂಬಲ್ಲಿಗೆ ಬಾಣ ಒಯ್ದದ್ದು, ಇನ್ನು ಸ್ವಿಚ್ ಆರಿಸಬಹುದು ಎಂದು ಅದೇ ಬಾಯಿಬಿಟ್ಟು ಹೇಳುವ ತನಕ ಕಾದದ್ದು, ಎಲ್ಲ ಕಣ್ಣಿಗೆ ಕಟ್ಟಿದಂತಿದೆ. ಆದರೆ ಕಣ್ಣಿಗೆ ಕಟ್ಟಿದ್ದು ನಿನ್ನೆಯದೋ ಮೊನ್ನೆಯದೋ? ದಿನವೂ ಮಾಡುವ ಕೆಲಸಕ್ಕೆ ಗುರುತು ಎಲ್ಲಿಂದ ತರುವುದು? ಡಬ್ಬಿಯೊಳಗಿಂದ ಕರಕರ ಸದ್ದು ಬರತೊಡಗಿತು. ತಪಾಸಣೆ ಎಷ್ಟಾಯಿತೆಂದು ತೋರಿಸುವ ಹಳದಿ ಪಟ್ಟಿ ಒಂದಿಷ್ಟೇ ಮುಂದೆ ಸರಿಯಿತು. ಅವನು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಹೆಡ್‌ಮಾಸ್ತರರ ಎದುರು ಕೂತ ಹುಡುಗನ ಹಾಗೆ ಕೂತ. ಕೊನೆಗೆ ಬರುವ ತೀರ್ಪೂ ಅವನಿಗೆ ಬಾಯಿಪಾಠ: ದೋಷ ಏನೂ ಇಲ್ಲ. ಇಲ್ಲ ಎಂದ ಮೇಲೆ ಇಷ್ಟು ಹೊತ್ತು ಕೂರಿಸಿಕೊಂಡದ್ದಕ್ಕೆ ಒಂದು ಕ್ಷಮೆಯನ್ನಾದರೂ ಕೇಳಬೇಡವೇ ಈ ಮುಂಡೇದು!

ಸಿದ್ದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಅವನು ಕಂಟ್ರೋಲರ್. ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿಗೆ, ಯಾವಾಗ ಎಂದು ಕೂಗಿ ಹೇಳುವುದು ಕೆಲಸ. ತ್ಯಾಗಲಿಯ ಬಸ್ಸಿಗೆ ಎಲ್ಲಿ ರಾತ್ರಿಯ ಹಾಲ್ಟು, ಯಲ್ಲಾಪುರದ್ದು ಶಿರಸಿಯಲ್ಲಿ ಎಷ್ಟು ಹೊತ್ತು ನಿಂತು ಹೊರಡುತ್ತದೆ, ಕೋಲಸಿರ್ಸಿಯವರು ಒಂದು ಬಸ್ಸು ತಪ್ಪಿದರೆ ಮುಂದಿನದಕ್ಕೆ ಯಾವ ತಿರುವಿನಲ್ಲಿ ಕಾಯಬೇಕು, ಎಲ್ಲವೂ ತಲೆಯಲ್ಲಿ. 'ಹೆಗಡೇರ ತಲೆ ಇರೂತನಕ ಇಲ್ಲಿ ಬೋರ್ಡ್ ಯಾಕ್ ಬೇಕ್ರಿ' ಎಂದು ಡ್ರೈವರ್ ವೀರಪ್ಪ ಒಮ್ಮೆ ಎಲ್ಲರೆದುರು ಹೇಳಿದ್ದ. ಆ ಮಾತನ್ನು ಅವನು ಬಹಳ ದಿನ ಬಾಯಲ್ಲಿ ಕಲ್ಲುಸಕ್ಕರೆಯ ಹಾಗೆ ಇಟ್ಟುಕೊಂಡಿದ್ದ. ಮಗಳು ಅಭಿಜ್ಞಾ ಧಾರವಾಡಕ್ಕೆ ಎಂ.ಎ. ಓದಲು ಹೋಗುವಾಗ ಕಂಪ್ಯೂಟರು ಹಾಸ್ಟೆಲಿಗೆ ಹಿಡಿಸುವುದಿಲ್ಲವೆಂದು ಮನೆಯಲ್ಲೇ ಬಿಟ್ಟುಹೋದಳು. ಸುಮ್ಮನೆ ಧೂಳು ತಿನ್ನುತ್ತದಲ್ಲ ಎಂದು ಅವನು ಕನ್ನಡ ಟೈಪಿಂಗ್ ಕಲಿತ. ಊರೂರಿನ ಬಸ್ಸುಗಳ ಹೊತ್ತನ್ನೆಲ್ಲ ಬರೆದು, ಅಚ್ಚು ತೆಗೆಸಿ, ಒಂದೊಂದು ಊರಿನ ಅಂಗಡಿಯಲ್ಲೂ ತೂಗುಹಾಕಿಸಬೇಕು ಎಂಬ ಹುರುಪು ಹತ್ತಿತು. ಆದರೆ ನೀಲಿ ಪರದೆ ಬರಲು ಶುರುವಾದಾಗಿನಿಂದ ಒಂದು ಹುಳ ತಲೆಯೊಳಗೆ ಹೊಕ್ಕಿದೆ. ತಾನು ಕಂಪ್ಯೂಟರಿನಲ್ಲಿ ಬರೆದದ್ದೆಲ್ಲ ತಲೆಯಿಂದ ಖಾಲಿಯಾಗುತ್ತಿದೆಯೋ ಏನೋ. ವಾನಳ್ಳಿಯದನ್ನು ಬರೆದು ಮುಗಿಸಿದ ಮರುದಿನ ವಾನಳ್ಳಿಯ ಬಸ್ಸಿನ ಹೊತ್ತು ಹೇಳಲು ಅವನು ಒಂದು ಉಸಿರು ತಡಮಾಡಿದ್ದ.

'ಇನ್ನೂ ಏಳಲಿಲ್ಯ ಅದು?' ಎಂದು ಅಡುಗೆಮನೆಯಿಂದ ದೇವಕಿ ಕೇಳಿದಳು.

'ಇಲ್ಲೆ. ತಪಾಸಣೆ ನಡೀತಾ ಇದ್ದು.'

'ಅದಕ್ಕೂ ವಯಸ್ಸಾತು ಕಾಣ್ತು. ಬಿಡಿ, ನಾಳೆ ಪವನ್ ಬತ್ನಲಿ.'

'ಅದಕ್ಕೂ' ಎಂದದ್ದು ಅವನಿಗೆ ಚುಚ್ಚಿತು. ಹೆಂಡತಿ ಏನನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದಲ್ಲ, ಗೊತ್ತು. ಆದರೂ ಚುಚ್ಚಿತು. ಪವನ್ ಎಂದರೆ ಶಿರಸಿಯ ಕಂಪ್ಯೂಟರ್ ರಿಪೇರಿ ಅಂಗಡಿಯವನು, ಬನವಾಸಿ ಕಡೆಯವನು, ಮಾತುಗಾರ. ಮೋಟಾರ್‌ಸೈಕಲ್ಲಿನ ಮೇಲೆ ಮನೆಮನೆಗೆ ಬಂದು ರಿಪೇರಿ ಮಾಡುತ್ತಾನೆ. ಈ ಮನೆಯ ಸುದ್ದಿ ಆ ಮನೆಗೆ, ಆ ಮನೆಯದು ಮತ್ತೊಂದಕ್ಕೆ. ಪವನನ ಕಿವಿಗೆ ಹಾಕಿದ್ದೂ ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ ಹೇಳಿದ್ದೂ ಒಂದೇ. ಕಳೆದ ವಾರ ಬಂದವನು ಡಬ್ಬಿ ಬಿಚ್ಚಿ, ಒಳಗಿನ ಧೂಳು ಊದಿ, ವೈರು ಅದುಮಿ, ತಾನು ತಂದ ಸೀಡಿ ಹಾಕಿ ಬಹಳ ಹೊತ್ತು ಪರೀಕ್ಷೆ ಮಾಡಿದ. ಆಮೇಲೆ ಕೈ ಒರೆಸಿಕೊಳ್ಳುತ್ತ ನಕ್ಕ. 'ಸರ, ಡಿಸ್ಕ್ ಕಲ್ಲಿನಂಗ ಗಟ್ಟಿ ಐತ್ರಿ. ನೀವ ಸರಿಯಾಗಿ ಬಂದ್ ಮಾಡವಲ್ರಿ.' ದಿನಾ ಮಾಡುತ್ತೇನಪ್ಪ ಎಂದು ಹೆಗಡೆ ಹೇಳಿದ. 'ಮಾಡೇನಿ ಅಂತ ಅನಸ್ತೈತ್ರಿ. ನಮ್ಮಜ್ಜಗೂ ಹಂಗ ಅನಸ್ತಿತ್ತು. ಉಂಡು ಕೈ ತೊಳಕೊಂಡು ಬಂದು, ನಂಗಿನ್ನೂ ಉಣ್ಣಾಕ ಹಾಕಿಲ್ಲ ಅಂತಿದ್ದ. ಇರ್ಲಿ ಬಿಡ್ರಿ, ಬುಧವಾರ ಈ ಕಡೆ ಬರೂದೈತಿ. ಬ್ಯಾರೇ ಡಿಸ್ಕ್ ತಂದು ಹಾಕಿ ನೋಡೂಣು, ನಿಮ್ಮ ಸಮಾಧಾನಕ್ಕ.' ನಿಮ್ಮ ಸಮಾಧಾನಕ್ಕ! ಹುಚ್ಚರ ಜತೆ ಮಾತಾಡುವ ದನಿ ಅದು. ಹೆಗಡೆಗೆ ಕಿವಿ ಬಿಸಿಯಾಯಿತು. ದೇವಕಿ ಚಹಾ ತಂದಿಟ್ಟು, ಯಾರ ಮುಖವನ್ನೂ ನೋಡದೆ ಒಳಗೆ ಹೋಗಿದ್ದಳು.

ಮೊನ್ನೆ ಭಾನುವಾರ ಅವನೇ ಒಂದು ಪರೀಕ್ಷೆ ಮಾಡಿದ್ದ. ಕ್ರಮಪ್ರಕಾರ ಮುಚ್ಚಿ, ಅಲ್ಲೇ ಕೂತಿದ್ದು, ಮತ್ತೆ ಹಚ್ಚಿದ. ನೀಲಿ ಬರಲಿಲ್ಲ. ಇನ್ನೊಮ್ಮೆ ಮುಚ್ಚಿ ಹಚ್ಚಿದ. ಆಗಲೂ ಬರಲಿಲ್ಲ. ಹಾಗಿದ್ದರೆ ಯಂತ್ರ ಸರಿಯಿದೆ, ಮುಚ್ಚುವ ರೀತಿಯೂ ಸರಿಯಿದೆ. ಸೋಮವಾರ ಸಂಜೆ ಕೆಲಸದಿಂದ ಬಂದು ಹಚ್ಚಿದರೆ, ನೀಲಿ! ನಡುವೆ ಏನೋ ಆಗುತ್ತಿದೆ. ಆ ನಡುವೆ ಎಂಬುದು ಯಾವುದು? ನಿದ್ದೆಗಣ್ಣಲ್ಲಿ ಎದ್ದು ಬಂದು ತಾನೇ ಹಚ್ಚಿ, ಏನೋ ಬರೆದು, ಹಾಗೇ ಆರಿಸಿ ಮಲಗುತ್ತಿದ್ದೇನೆಯೇ? ಅಪ್ಪಯ್ಯ ಕೊನೆಕೊನೆಗೆ ಅಂಗಿಯ ಮೇಲೆ ಅಂಗಿ ಹಾಕಿಕೊಳ್ಳುತ್ತಿದ್ದ. ಒಂದು ದಿನ ಬೆಳಿಗ್ಗೆ ದೋಸೆಯ ತಟ್ಟೆ ಮುಂದಿಟ್ಟರೆ ಮುಖ ಎತ್ತಿ, ಬಹಳ ಮರ್ಯಾದೆಯಿಂದ, 'ನೀನು ಯಾರ ಮನೆ ಮಾಣಿಯಾತು ತಮಾ?' ಎಂದು ಕೇಳಿದ್ದ. ಆ ಮರ್ಯಾದೆಯೇ ಸಹಿಸಲಾಗದ್ದು. ತಾನೂ ಒಂದು ದಿನ ದೇವಕಿಯನ್ನು ಹಾಗೆ ಕೇಳುವೆನೇ? ಅಮ್ಮಾ, ತಮ್ಮದು ಯಾವ ಊರಾಯಿತು ಎಂದು? ಕೇಳಿದರೆ ಅವಳು ಸುಮ್ಮನೆ ತವರಿನ ಹೆಸರು ಹಿಡಿದು ವಾನಳ್ಳಿ ಎಂದು ಹೇಳಿಯಾಳು. ಅವಳು ಅಂಥವಳೇ. ಗಯೆಯಲ್ಲೂ ಹಾಗೇ ಮಾಡಿದಳು. ಕಾಶಿ ಯಾತ್ರೆಗೆ ಹೋದವರು ಗಯೆಯಲ್ಲಿ ಆಲದ ಮರದ ಬುಡದಲ್ಲಿ ಕೂತು ತಮಗೆ ಪ್ರೀತಿಯಾದ ಒಂದನ್ನು ಬಿಟ್ಟುಬರಬೇಕಲ್ಲ, ಅಲ್ಲಿನ ಪುರೋಹಿತ ಪಂಡಾ ಕೇಳಿದ ಕೂಡಲೇ ಅವನು ಸುವರ್ಣಗಡ್ಡೆ ಎಂದುಬಿಟ್ಟಿದ್ದ. ಸುವರ್ಣಗಡ್ಡೆ ತಿಂದರೆ ಗಂಟಲು ತುರಿಸುತ್ತದೆಂದು ಹುಟ್ಟಿದಾಗಿನಿಂದ ಮುಟ್ಟದವನು! ದೇವಕಿ ಏನು ಬಿಡಲಿ ಎಂದು ಯೋಚಿಸುತ್ತ ಕೂತಿದ್ದಳು. ಅವಳ ತವರಿನಲ್ಲಿ ಮದುವೆಯಿರಲಿ, ತಿಥಿಯಿರಲಿ, ಊಟ ಮುಗಿದದ್ದೇ ಇಸ್ಪೀಟು. ಗಂಡಸರ ಕಂಬಳಿಯ ಮೂಲೆಯಲ್ಲಿ ಕೂತು ಇಪ್ಪತ್ತೆಂಟರ ಆಟ ಆಡಿ ಅವರನ್ನೇ ಸೋಲಿಸಿ ಏಳುವವಳು ಅವಳು. 'ಅವಳಿಗೆ ಇಸ್ಪೀಟಿಗಿಂತ ಪ್ರೀತಿಯದ್ದು ಯಾವುದಿದೆ, ಅದನ್ನೇ ಬಿಡಲಿ' ಎಂದು ಇವನು ತಮಾಷೆ ಮಾಡಿದ. ಯಾತ್ರೆಗೆ ಬಂದವರೆಲ್ಲ ನಕ್ಕರು, ಪಕ್ಕದ ಮನೆಯ ಭಟ್ಟರಂತೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ನಗಲಿಲ್ಲ. ಅಂಗೈಯಲ್ಲಿ ನೀರು ತೆಗೆದುಕೊಂಡು, 'ಇನ್ನು ಇಸ್ಪೀಟಿನ ಎಲೆ ಕೈಯಲ್ಲಿ ಹಿಡೀತ್ನಿಲ್ಲೆ' ಎಂದು ಬಿಟ್ಟಳು. ಆಮೇಲೆ ಯಾರ ಮನೆಯಲ್ಲಿ ಎಲೆ ಹಂಚಿದರೂ ಎದ್ದು ಒಳಗೆ ಹೋಗಿ ತರಕಾರಿ ಹೆಚ್ಚುತ್ತಾಳೆ. ಚಾಕುವಿನ ಸದ್ದು ಹೊರಗೆ ಕೇಳಿದಾಗೆಲ್ಲ ಹೆಗಡೆಗೆ ಮೈ ಹಿಡಿಯಾಗುತ್ತದೆ.

ಬುಧವಾರ ಮಧ್ಯಾಹ್ನದ ಹೊತ್ತಿಗೆ ಆಗಬಾರದ್ದು ಆಗಿಹೋಯಿತು. ಬುಟ್ಟಿ ಹೊತ್ತ ಗೌರಕ್ಕ ಕಂಟ್ರೋಲರ್ ಕಿಟಕಿಗೆ ಮುಖ ಕೊಟ್ಟು, 'ಕೋಲಸಿರ್ಸಿ ಬಸ್ ಹೋತನ್ರಾ ಒಡೆಯಾ?' ಎಂದು ಕೇಳಿದಳು. ದಿನಕ್ಕೆ ಹತ್ತು ಜನ ಕೇಳುವ ಪ್ರಶ್ನೆ. ಹೆಗಡೆ ಬಾಯಿ ತೆರೆದ. ತಲೆಯೊಳಗೆ ನೀಲಿ ಹರಡಿತು. ನಿಜವಾಗಿಯೂ ಹರಡಿತು; ಕಿಟಕಿಯ ಸರಳು, ಗೌರಕ್ಕನ ಮೂಗುಬೊಟ್ಟು, ಬುಟ್ಟಿಯಲ್ಲಿದ್ದ ಬಸಳೆಸೊಪ್ಪು ಎಲ್ಲ ಸ್ಪಷ್ಟ ಕಾಣುತ್ತಿದೆ, ಕೋಲಸಿರ್ಸಿಯ ಬಸ್ಸು ಮಾತ್ರ ಇಲ್ಲ. 'ತಡೆಯೇ, ಕೇಳಿ ಹೇಳ್ತೇನೆ' ಎಂದುಬಿಟ್ಟ. ಈ ಕುರ್ಚಿಯಲ್ಲಿ ಕೂತು ಅವನು ಆ ಮಾತು ಆಡಿದ್ದು ಅದೇ ಮೊದಲು. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ವೀರಪ್ಪ, 'ಏ, ಕೇಳ್ರಪಾ ಇಲ್ಲೆ! ಹೆಗಡೇರ ಕೇಳಿ ಹೇಳ್ತಾರಂತ!' ಎಂದು ದೊಡ್ಡದಾಗಿ ನಕ್ಕ. ತಮಾಷೆಗೇ ನಕ್ಕದ್ದು. ಹೆಗಡೆಯೂ ನಗಲು ನೋಡಿದ, ತುಟಿ ಮಾತ್ರ ಅಲ್ಲಾಡಿತು. ತಲೆನೋವು ಎಂದು ಹೇಳಿ, ಮೈಕನ್ನು ಸಹಾಯಕ ಚೌಡನ ಕೈಗೆ ಕೊಟ್ಟು, ಕೊಡೆ ಮರೆತು, ಮತ್ತೆ ಕೊಡೆಗಾಗಿ ತಿರುಗಿ ಬಂದು, ಎಲ್ಲರ ಕಣ್ಣು ತನ್ನ ಬೆನ್ನ ಮೇಲಿದೆಯೆಂದುಕೊಳ್ಳುತ್ತ ಮನೆಯ ದಾರಿ ಹಿಡಿದ. ದಾರಿಯುದ್ದಕ್ಕೂ ಒಂದೇ ಲೆಕ್ಕಾಚಾರ. ಇವತ್ತೇ ದೇವಕಿಗೆ ಹೇಳಬೇಕು. ಹೇಗೆ ಹೇಳುವುದು? ನಾನು ಹೋಗುತ್ತಿದ್ದೇನೆ ಕಣೇ, ಒಂದೊಂದೇ ಬಸ್ಸಾಗಿ ಹೋಗುತ್ತಿದ್ದೇನೆ ಎಂದೇ?

ಮನೆಯ ಎದುರಿನ ಗೇಟು ತೆಗೆದರೆ ಕಿರ್ರೆಂದು ಊರಿಗೆಲ್ಲ ಕೇಳುತ್ತದೆ. ಜಗಲಿಯಲ್ಲಿ ಕೂತ ಭಟ್ಟರು, ಇದೆಂತ ಹೆಗಡೇರೇ ಇಷ್ಟು ಬೇಗ ಎಂದು ಶುರುಮಾಡುತ್ತಾರೆ. ಅದು ಬೇಡವೆಂದು ಅವನು ಬಾವಿಯ ಬದಿಯಿಂದ ಹಿತ್ತಿಲಿಗೆ ಬಂದ. ಕೋಣೆಯ ಕಿಟಕಿ ತೆರೆದೇ ಇತ್ತು. ಒಳಗಿಂದ ದೇವಕಿಯ ಮಾತು ಕೇಳಿಸಿತು. ಯಾರ ಹತ್ತಿರ?

'ಬಾರೇ, ಬಾ. ಎಷ್ಟೊತ್ತಿಂದ ಕಾಯ್ತಾ ಇದ್ದೆ ನಿಂಗೆ! ಎಲ್ಲಿ ಹೊಕ್ಕಂಡು ಕುಂತಿದ್ಯೇ? ಹಾಂ... ಬಂತು ನೋಡು ಕಳಾವರ ರಾಣಿ ಸವಾರಿ!'

ಅವನು ಹಿಮ್ಮಡಿ ಎತ್ತಿ ನೋಡಿದ. ಕುರ್ಚಿಯ ಮೇಲೆ ಒಂದು ಕಾಲು ಮಡಚಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ದೇವಕಿ ಕೂತಿದ್ದಳು. ಮೌಸು ಅವಳ ಕೈಯಲ್ಲಿ ಬೆಣ್ಣೆಯ ಮೇಲೆ ಓಡಿದಂತೆ ಓಡುತ್ತಿತ್ತು. ಪರದೆಯ ತುಂಬ ಹಸಿರು, ಹಸಿರಿನ ಮೇಲೆ ಸಾಲುಸಾಲು ಇಸ್ಪೀಟಿನ ಎಲೆ. ಅವಳ ಮುಖ ಎಷ್ಟೋ ವರ್ಷ ಹಿಂದೆ ಕಂಬಳಿಯ ಮೂಲೆಯಲ್ಲಿ ಅವನು ಕಂಡ ಮುಖವಾಗಿತ್ತು. ಹೆಗಡೆಗೆ ಮೊದಲು ಹೊಳೆದದ್ದು ಇಸ್ಪೀಟಲ್ಲ, ಗಯೆಯಲ್ಲ, ಆಣೆಯಲ್ಲ. ತಾನು ಮರೆತಿಲ್ಲ! ನಡುವೆ ಇದ್ದದ್ದು ಇವಳು! ತಾನು ಮುಚ್ಚಿದ್ದು ನಿಜ, ಪ್ರತಿ ದಿನವೂ ಮುಚ್ಚಿದ್ದು ನಿಜ. ಕೋಲಸಿರ್ಸಿಯ ಬಸ್ಸು ಆಗಲೇ ಹೋಯಿತು ಗೌರಕ್ಕಾ, ಇನ್ನೊಂದು ಶಾಲೆ ಬಿಡುವ ಹೊತ್ತಿಗೆ. ಅದರ ಬೆನ್ನಿಗೇ ತ್ಯಾಗಲಿಯದ್ದು, ಅದರ ಹಿಂದೆ ಶಿರಸಿಯ ಮೇಲಿಂದ ಯಲ್ಲಾಪುರಕ್ಕೆ. ಎಲ್ಲ ಬಂದವು, ಒಂದರ ಹಿಂದೆ ಒಂದು, ಬೋರ್ಡು ಸಮೇತ ಬಂದವು. ಹೆಗಡೆ ಕಿಟಕಿಯ ಸರಳು ಹಿಡಿದುಕೊಂಡು ಹೋ ಎಂದು ನಕ್ಕುಬಿಟ್ಟ.

ದೇವಕಿ ಬೆಚ್ಚಿ ಎದ್ದಳು. ಅವಳ ಕೈ ತಾನಾಗಿಯೇ ಗೋಡೆಯ ಸ್ವಿಚ್ಚಿಗೆ ಹೋಯಿತು. ಟಕ್. ಪರದೆ ಕಪ್ಪಾಯಿತು.

'ಆನು ಮುಟ್ಟಿದ್ನಿಲ್ಲೆ!' ಎಂದಳು, ಅವನು ಏನೂ ಕೇಳುವ ಮೊದಲೇ. 'ಎಲೆ ಕೈಯಲ್ಲಿ ಹಿಡೀತ್ನಿಲ್ಲೆ ಹೇಳಿ ನೀರು ಬಿಟ್ಟಿದ್ದು. ಹಿಡಿದಿದ್ನಿಲ್ಲೆ. ಹಿಡ್ಕಂಡಿದ್ದು ಈ ಇಲಿ ಮಾತ್ರ. ಬೇಕಾದ್ರೆ ಆ ಪಂಡಾನ್ನೇ ಕೇಳಿ.'

ಅವನು ಒಳಗೆ ಬಂದು, ನಗು ತಡೆಯಲಾರದೆ ನೆಲದ ಮೇಲೇ ಕೂತ. ಕಣ್ಣಲ್ಲಿ ನೀರು. ಅವಳಿಗೆ ಮೊದಲು ಹೆದರಿಕೆ, ಆಮೇಲೆ ಸಿಟ್ಟು. 'ನಗೂದು ಎಂತಕ್ಕೆ ಈಗ? ಅಭಿಜ್ಞಾ ಧಾರವಾಡಕ್ಕೆ ಹೋಗುವಾಗ ಕಲಿಸಿ ಹೋತು, ಅಮಾ, ಇದ್ರಲ್ಲಿ ಕೈ ತಾಗ್ತಿಲ್ಲೆ ಹೇಳಿ. ಮಧ್ಯಾಹ್ನ ಒಂದೆರಡು ಆಟ. ಗೇಟಿನ ಸದ್ದಾತು ಅಂದ್ರೆ ಆರಿಸಿಬಿಡೂದು.'

'ಹ್ಯಾಂಗೆ ಆರಿಸ್ತೆ?'

'ಲೈಟ್ ಆರಿಸಿದಾಂಗೆ, ಟಕ್ ಹೇಳಿ. ಮತ್ತೆ ಎಂತ ಮಾಡವು ಅದಕ್ಕೆ, ಆರತಿ ಎತ್ತವನಾ?'

'ಅಯ್ಯೋ ಪುಣ್ಯಾತ್ಗಿತ್ತೀ! ದಿನಾ ಸಂಜಪ್ಪಾಗ ಅದು ಯನ್ನ ಬೈತಿತ್ತು! ಸರಿಯಾಗಿ ಮುಚ್ಚಿದ್ದಿಲ್ಲೆ ಹೇಳಿ. ಆನು ಅಪ್ಪಯ್ಯನ ಹಾಂಗೆ ಆಗ್ತಾ ಇದ್ದೆ ಹೇಳಿ ತಿಳ್ಕಂಡಿದ್ದಿ.' ನಗುತ್ತಲೇ ಹೇಳಹೊರಟದ್ದು, ಅಪ್ಪಯ್ಯ ಎನ್ನುವಾಗ ದನಿ ಒಡೆಯಿತು. ಗೌರಕ್ಕ ಕೇಳಿದ್ದು, ತಲೆ ನೀಲಿಯಾದದ್ದು, ವೀರಪ್ಪ ನಕ್ಕದ್ದು, ಕೊಡೆ ಮರೆತದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ದೇವಕಿಯ ಮುಖದಿಂದ ಸಿಟ್ಟು ಇಳಿಯಿತು. ಅವಳು ಅವನ ಎದುರು ನೆಲದ ಮೇಲೆ ಕೂತು, ಅವನ ತಲೆಯ ಮೇಲೆ ಅಂಗೈ ಇಟ್ಟಳು.

'ಒಂದು ಮಾತು ಯಂಗೆ ಹೇಳಲೆ ಆಗ್ತಿತ್ತಿಲ್ಯ? ಒಬ್ರೇ ಇಷ್ಟು ದಿನ ಹೊತ್ಕಂಡು ತಿರುಗಿದ್ರನಾ? ಈ ತಲೆಗೆ ಎಂತದೂ ಆಜಿಲ್ಲೆ' ಎಂದು ಕೂದಲು ಕೆದರಿದಳು. 'ಮೊದಲಿಂದ್ಲೂ ಇಷ್ಟೇಯ.'

'ಗಯೆಲಿ ಆನು ಹಾಂಗೆ ಹೇಳಲಾಗಿತ್ತಿಲ್ಲೆ. ಆನು ಬಿಟ್ಟಿದ್ದು ಸುವರ್ಣಗಡ್ಡೆ. ಅದನ್ನ ಮೊದಲೂ ತಿಂತಿದ್ನಿಲ್ಲೆ.'

'ಗೊತ್ತಿದ್ದು. ಮದುವೆಯಾದ ವರ್ಷವೇ ಅತ್ತೆ ಹೇಳಿತ್ತು. ಆ ಪಂಡಾಗೊಬ್ಬಂಗೇ ಗೊತ್ತಿತ್ತಿಲ್ಲೆ.'

ಆಮೇಲೆ ಅವನೇ ಸ್ವಿಚ್ ಹಾಕಿದ. ನೀಲಿ ಬಂತು, ದೂರು ಬಂತು, ಕರಕರ ಶುರುವಾಯಿತು. ಇಬ್ಬರೂ ಅಕ್ಕಪಕ್ಕ ಕೂತು ಹಳದಿ ಪಟ್ಟಿ ಸರಿಯುವುದನ್ನು ನೋಡಿದರು. ಇದೇನಾ ಬೈಯುವುದು, ಎಷ್ಟು ಚೆಂದ ಬಣ್ಣ ಎಂದು ದೇವಕಿ ಹೇಳಿದಳು. ಅವನಿಗೂ ಅದು ಚೆಂದವಾಗಿಯೇ ಕಂಡಿತು. ಹಸಿರು ಬಂದು ಎಲೆಗಳು ಹರಡಿಕೊಂಡ ಮೇಲೆ ಅವಳು ಒಂದಿಷ್ಟು ಹೊತ್ತು ಸಂಕೋಚದಿಂದ ಆಡಿದಳು, ಆಮೇಲೆ ಗಂಡ ಪಕ್ಕದಲ್ಲಿರುವುದನ್ನೇ ಮರೆತಳು. ಸುಮ್ಮನೆ ನೋಡುತ್ತೇನೆ ಎಂದು ಕೂತವನ ಬೆರಳು ಪರದೆಗೇ ತಾಗಿತು. 'ಅಲ್ಲಿ, ಅಲ್ಲಿ! ಕಳಾವರ ಗುಲಾಮನ ಮೇಲೆ ಆಟೀನ್ ಹತ್ತು!' 'ಸುಮ್ನಿರಿ, ಕಂಡಿದ್ದು ಯಂಗೆ' ಎಂದು ಅವಳು ಅವನ ಕೈ ತಟ್ಟಿದಳು. ಮದುವೆಯಾದಾಗಿನಿಂದ ಇಸ್ಪೀಟು ಆಡುವವರನ್ನು ಕಂಡರೆ ಮೂಗು ಮುರಿಯುತ್ತಿದ್ದ ತಾನು ಒಂದು ಎಕ್ಕ ಎಲ್ಲಿ ಅಡಗಿದೆಯೆಂದು ಉಸಿರು ಬಿಗಿಹಿಡಿದು ಕೂತಿದ್ದೇನಲ್ಲ ಎಂದು ಅವನಿಗೆ ನಾಚಿಕೆಯಾಯಿತು, ಖುಷಿಯೂ ಆಯಿತು. ಎಕ್ಕ ಬಂತು. ಆಟ ಮುಗಿದು ಎಲೆಗಳೆಲ್ಲ ಪುಟಿಯುತ್ತ, ಪುಟಿಯುತ್ತ, ಪರದೆಯ ತುಂಬ ಧುಮುಕತೊಡಗಿದವು. 'ಹೋ!' ಎಂದು ಇಬ್ಬರೂ ಒಟ್ಟಿಗೆ ಕೂಗಿದರು.

ಗೇಟು ಕಿರ್ರೆಂದಿತು. ಮೋಟಾರ್‌ಸೈಕಲ್ ಸ್ಟ್ಯಾಂಡ್ ಹಾಕಿದ ಸದ್ದು. ಪವನ್! ಬುಧವಾರ ಎನ್ನುವುದು ಇಬ್ಬರಿಗೂ ಮರೆತೇ ಹೋಗಿತ್ತು. ದೇವಕಿ ಗರಬಡಿದವಳಂತೆ ನಿಂತಳು. ಪವನ್ ಇದನ್ನು ಕಂಡರೆ ಪಕ್ಕದ ಮನೆಯ ಭಟ್ಟರಿಗೆ ಗೊತ್ತಾಗಲು ಎಷ್ಟು ಹೊತ್ತು? ಗಯೆಯಲ್ಲಿ ಬಿಟ್ಟದ್ದನ್ನು ಹೆಗಡೇರ ಹೆಂಡತಿ ಮನೆಯಲ್ಲಿ ಗುಟ್ಟಾಗಿ ಆಡುತ್ತಾಳೆ ಎಂದು ಸಂಜೆಯೊಳಗೆ ಸಿದ್ದಾಪುರಕ್ಕೆಲ್ಲ ಆಗುತ್ತದೆ. ಎಲೆಗಳು ಇನ್ನೂ ಧುಮುಕುತ್ತಲೇ ಇದ್ದವು. ವಿಘ್ನೇಶ್ವರ ಹೆಗಡೆಯ ಕೈ ಗೋಡೆಗೆ ಹೋಯಿತು. ಟಕ್.

'ಬಂದ್ಯ ಪವನಪ್ಪಾ, ಬಾ, ಬಾ.'

ಪವನ್ ಹೊಸ ಡಿಸ್ಕಿನ ಪೊಟ್ಟಣ ಮೇಜಿನ ಮೇಲಿಟ್ಟು, ಅಭ್ಯಾಸಬಲದಿಂದ ಸ್ವಿಚ್ ಹಾಕಿದ. ನೀಲಿ ಬಂತು. ಅವನು ಪರದೆಯ ನೆತ್ತಿಯ ಮೇಲೆ ಕೈಯಿಟ್ಟು ನೋಡಿದ. 'ಬಿಸಿ ಐತಲ್ರಿ ಸರ! ಈಗ ಬಂದ್ ಮಾಡೀರಿ. ಈಗೂ ಸರಿಯಾಗಿ ಮಾಡಿಲ್ಲ. ನಾ ಅವತ್ತ ಹೇಳಿದ್ನಿ ಹೌದಲ್ರಿ? ಖರೇ ಹೇಳ್ರಿ ಸರ, ಮರವು ಆಗಾಕತ್ತೈತಿ?'

ಈ ಒಂದು ಪ್ರಶ್ನೆ ಬರಬಾರದೆಂದು ಹೆಗಡೆ ಎಷ್ಟು ದಿನ ಹೆದರಿ ಸತ್ತಿದ್ದ! ಈಗ ಒಂದು ಮಾತು ಸಾಕು, ತನ್ನ ತಲೆ ನೆಟ್ಟಗಿದೆಯೆಂದು ಊರಿಗೆಲ್ಲ ಗೊತ್ತಾಗುತ್ತದೆ. ವೀರಪ್ಪನ ಬಾಯಿ ಮುಚ್ಚುತ್ತದೆ. ದೇವಕಿ ಬಾಗಿಲಿಗೆ ಆತುಕೊಂಡು, ಕಣ್ಣು ನೆಲಕ್ಕೆ ಹಾಕಿ ನಿಂತಿದ್ದಳು.

'ಹೌದು ಮಾರಾಯಾ' ಎಂದ ಹೆಗಡೆ. ಹೇಳುವಾಗ ಮುಖ ಅರಳುವುದನ್ನು ತಡೆಯಲಾಗಲಿಲ್ಲ. 'ಎಂಥ ಮರೆವು ಅಂತೀಯಾ! ಮುಚ್ಚುವುದು ದಿನಾ ಮರೆತು ಹೋಗುತ್ತದೆ. ಡಿಸ್ಕ್ ಬೇಡ, ವಾಪಸ್ ಒಯ್ಯಿ. ತಪ್ಪು ಪೂರ್ತಿ ನನ್ನದೇ.'

ಪವನನಿಗೆ ಪಾಪ ಅನ್ನಿಸಿತು. ಮರೆವನ್ನು ಇಷ್ಟು ಖುಷಿಯಿಂದ ಒಪ್ಪಿಕೊಂಡವರನ್ನು ಅವನು ಕಂಡಿರಲಿಲ್ಲ. ಇದೂ ಆ ಕಾಯಿಲೆಯ ಲಕ್ಷಣವೇ ಇರಬೇಕೆಂದು ದನಿ ಮೆತ್ತಗೆ ಮಾಡಿ, ದೇವಕಿಯ ಕಡೆ ತಿರುಗಿದ. 'ಅಕ್ಕಾರ, ಬರ್ರಿ ಇಲ್ಲೆ. ಬಂದ್ ಮಾಡೂದು ನೀವ ಕಲೀರಿ. ಇನ್ನ ಇವರ ಕೈಯಾಗ ಬಿಡಬ್ಯಾಡ್ರಿ. ಕೂಡ್ರಿ. ಇದಕ್ಕ ಮೌಸ್ ಅಂತಾರ. ಅಂಜಬ್ಯಾಡ್ರಿ.'

ದೇವಕಿ ಅಂಜುತ್ತ ಕೂತಳು. ಮೌಸಿನ ಮೇಲೆ ಎರಡು ಬೆರಳಿಟ್ಟಳು. ಬಾಣ ಪರದೆಯ ಒಂದು ಮೂಲೆಯಿಂದ ಇನ್ನೊಂದಕ್ಕೆ ದಿಕ್ಕೆಟ್ಟು ಓಡಿತು. 'ಅಯ್ಯೋ, ಎಲ್ಲಿಗೆ ಹೋಯಿತಪ್ಪಾ ಇದು?' ಎಂದಳು. ಹೆಗಡೆ ಕಿಟಕಿಯ ಕಡೆ ತಿರುಗಿ ಕೆನ್ನೆ ಒಳಗಿಂದ ಕಚ್ಚಿಕೊಂಡ. ಪವನ್ ತಾಳ್ಮೆಯಿಂದ ಮತ್ತೆ ಮತ್ತೆ ತೋರಿಸಿದ: ಈ ಗುಂಡಿ, ಇಲ್ಲಿ ಮುಚ್ಚು, ಆಮೇಲೆ ಅದೇ ಹೇಳುವ ತನಕ ಕಾಯುವುದು, ಆಮೇಲೆ ಸ್ವಿಚ್. ಕೊನೆಗೆ ಅವಳು ಕ್ರಮಪ್ರಕಾರ ಮುಚ್ಚಿ, ದೊಡ್ಡ ಕೆಲಸ ಮಾಡಿದವಳ ಹಾಗೆ ಉಸಿರುಬಿಟ್ಟಳು.

'ಕಲಿತದ್ದು ಮರೆತು ಹೋಗಬಾರದಲ್ಲ ತಮಾ' ಎಂದಳು, ಬಹಳ ಸಣ್ಣ ದನಿಯಲ್ಲಿ. 'ದಿನಾ ಮಧ್ಯಾಹ್ನ ಒಂದು ಸ್ವಲ್ಪ ಹೊತ್ತು ಹಚ್ಚಿ, ಮುಚ್ಚಿ ನೋಡಿದರೆ ಅಡ್ಡಿಯಿಲ್ಲವಾ?'

'ನೋಡ್ರಿ ಅಕ್ಕಾರ, ದಿನಾ ನೋಡ್ರಿ. ಯಾರರ ಕೇಳಿದ್ರ ಪವನ್ ಹೇಳ್ಯಾನ ಅನ್ರಿ' ಎಂದು ಪವನ್ ಡಿಸ್ಕಿನ ಪೊಟ್ಟಣ ಚೀಲಕ್ಕೆ ಹಾಕಿಕೊಂಡ. ದೇವಕಿ ಅವನಿಗೆ ಚಹಾ ತರಲು ಒಳಗೆ ಹೋದಳು.